ಹಕ್ಕಿಯ ಕಣ್ಣಿನ ಕರಿ ಉಣ್ಣೆ

ದೋನ್ ತೆಲ್ಮೊ ಅವರ ಮನೆಗೆ ಬಾಡಿಗೆಗೆ ಬಂದ ಮೂರನೆಯ ದಿನ ಆ ಡಬ್ಬಿ ನನ್ನ ಕಣ್ಣಿಗೆ ಬಿತ್ತು. ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಬಟ್ಟಲಿಗೂ ಹುರಿದ ಬಾರ್ಲಿ ಹಿಟ್ಟಿನ ಗಡಿಗೆಗೂ ನಡುವೆ, ಮುಚ್ಚಳ ತುಕ್ಕು ಹಿಡಿದ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಮಾಸಿದ ತಲೆಬುರುಡೆಯ ಚಿತ್ರ.

"ದೋನ್ ತೆಲ್ಮೊ, ಇದೇನಿದು?"

"ಅದಾ? ಪಾಷಾಣ, ಮಗಳೇ," ಅಂದರು, ಸಕ್ಕರೆ ಅಂದಷ್ಟೇ ಸಲೀಸಾಗಿ. "ಹಕ್ಕಿ ಚರ್ಮಕ್ಕೆ ಸವರೋದು. ನಲವತ್ತು ವರ್ಷದಿಂದ ಅಲ್ಲೇ ಕೂತಿದೆ. ಯಾರನ್ನೂ ಕಚ್ಚಿಲ್ಲ."

ಆಗ ನನ್ನ ಇನೇಸ್‌ಗೆ ಏಳು ತಿಂಗಳು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅವತ್ತಿನಿಂದ ನಾನು ಅವಳ ಕೈಯನ್ನು ಎಷ್ಟು ಸಲ ತೊಳೆದೆನೆಂದರೆ ಆ ಚಳಿಗೆ ಬೆರಳ ಸಂದಿಯ ಚರ್ಮ ಬಿರುಕು ಬಿಟ್ಟಿತು. ಬಿರುಕಿನಲ್ಲಿ ವಿಷ ಬೇಗ ಇಳಿಯುತ್ತದೇನೋ ಎಂದು ಆಮೇಲೆ ಅದಕ್ಕೂ ಹೆದರಿದೆ. ನನ್ನ ಗಂಡ ಐದು ಹಳ್ಳಿಗಳ ಆರೋಗ್ಯ ಕೇಂದ್ರಗಳನ್ನು ಒಬ್ಬನೇ ನೋಡಿಕೊಳ್ಳುವ ನರ್ಸ್. ಮನೆಗೆ ಬರುತ್ತಿದ್ದುದು ಶನಿವಾರ. ಫೋನ್ ಸಿಗಬೇಕಾದರೆ ದೊಡ್ಡ ಬಂಡೆಯ ಮೇಲೆ ಹತ್ತಿ ನಿಲ್ಲಬೇಕು. ಹತ್ತಿ ನಿಂತು ಹೇಳಿದರೆ, "ನೀನು ಕೀತೊದಲ್ಲಿ ಓದಿದವಳು ಕಣೇ, ಒಂದು ಡಬ್ಬಿಗೆ ಹೀಗೆ ನಡುಗ್ತೀಯಲ್ಲ," ಎಂದು ನಕ್ಕ. ಓದಿದ್ದರಿಂದಲೇ ನಡುಗುತ್ತಿದ್ದೆ. ಓದದವರಿಗೆ ಆ ಬುರುಡೆ ಬರೀ ಚಿತ್ರ.

ದೋನ್ ತೆಲ್ಮೊಗೆ ಎಪ್ಪತ್ತೊಂದು ವರ್ಷ. ಮದುವೆಯಾಗಿರಲಿಲ್ಲ. ಯುರಾಕ್‌ಪಾಂಬಾ ಎಂಬ ನಮ್ಮ ಇಪ್ಪತ್ತು ಮನೆಗಳ ಊರಿನಲ್ಲಿ ಹಲಗೆಯ ನೆಲವಿದ್ದ ಮನೆ ಅವರದೊಂದೇ; ಮಗುವಿಗೆ ತಣ್ಣನೆಯ ಮಣ್ಣು ನೆಲ ಬೇಡವೆಂದು ನಾನು ಹಟ ಹಿಡಿದಿದ್ದರಿಂದ ಅವರು ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ದಿನಾ ಬೆಳಿಗ್ಗೆ ಮಂಜು ಏಳುವ ಮೊದಲೇ ಊರ ಮೇಲಿನ ಕೊರಕಲಿಗೆ ಹೋಗಿ ಒಂದು ಕಲ್ಲಿನ ಮೇಲೆ ಕೂರುವರು. ಹತ್ತು ಗಂಟೆಗೆ ಬಂದು ಒಲೆ ಹೊತ್ತಿಸಿ ಆಲೂಗೆಡ್ಡೆ ಬೇಯಿಸುವರು. ಮಾತು ಕಡಿಮೆ. ಕೊರಕಲಿನಲ್ಲಿ ಏನು ನೋಡಿದಿರಿ ಎಂದರೆ, "ಮೂರು ಬಂದಿದ್ವು," ಅಥವಾ "ಇವತ್ತು ಒಂದೇ," ಅಷ್ಟೇ.

ಅವರು ನೋಡುತ್ತಿದ್ದುದು ಸಮರ್ರಿತೊಗಳನ್ನು. ಹೆಬ್ಬೆರಳಷ್ಟು ಉದ್ದದ ಝೇಂಕಾರದ ಹಕ್ಕಿ, ಹಮ್ಮಿಂಗ್‌ಬರ್ಡ್. ಎರಡು ಕಾಲಿಗೂ ಬಿಳಿ ಹತ್ತಿಯುಂಡೆ ಕಟ್ಟಿದಂತೆ ಪುಕ್ಕ. ನಮ್ಮ ಕಡೆ ಕುದುರೆ ಸವಾರರು ತೊಡೆಗೆ ತೊಡುವ ಕೂದಲ ಚರ್ಮದ ಕಾಲುಗವಸಿಗೆ ಸಮರ್ರೊ ಎನ್ನುತ್ತೇವಲ್ಲ, ಅದರಿಂದಲೇ ಈ ಹೆಸರು. ಪುಸ್ತಕದಲ್ಲಿ ಈ ಕುಲಕ್ಕೆ ಎರಿಯೊಕ್ನೆಮಿಸ್ ಎಂದಿದೆ. ಉಣ್ಣೆಯ ಕಾಲುಗವಸು ಎಂದೇ ಅದರ ಅರ್ಥವಂತೆ. ವೆನೆಜುವೆಲಾದಿಂದ ಅರ್ಜೆಂಟೀನಾದ ಬಡಗಣ ಅಂಚಿನವರೆಗೆ, ಆಂಡಿಸ್‌ನ ಒದ್ದೆ ಚಳಿಯ ಹೆಗಲುಗಳ ಮೇಲೆ ಮಾತ್ರ ಇವುಗಳ ವಾಸ. ಒಂದೊಂದು ಇಳಿಜಾರಿಗೆ ಒಂದೊಂದು ಬಗೆ.

"ಸೋಮಾರಿ ಹಕ್ಕಿ," ಎಂದು ಒಮ್ಮೆ ದೋನ್ ತೆಲ್ಮೊ ತಾವಾಗಿಯೇ ಹೇಳಿದರು. "ಬಿಸಿಲಿನ ಕಣಿವೆ ದಾಟಲ್ಲ, ಬೋಳು ಬೆಟ್ಟದ ನೆತ್ತಿ ದಾಟಲ್ಲ. ಹುಟ್ಟಿದ ಕಡೆನೇ ಕೂತಿರುತ್ತೆ. ಹಂಗೆ ಕೂತೂ ಕೂತೂ ಒಂದೊಂದು ಕಡೆ ಒಂದೊಂದು ಬಣ್ಣ ಆಗೋಯ್ತು."

"ನಿಮ್ಮ ಹಾಗೆ," ಅಂದೆ.

"ನಂಗೆಲ್ಲಿ ಬಣ್ಣ, ಮಗಳೇ."

ಅವರ ಮನೆಯ ಗೋಡೆಯಲ್ಲಿ ದೇವರ ಪಟಕ್ಕಿಂತ ಮೇಲೆ ಒಂದು ಗಾಜಿನ ಚೌಕಟ್ಟು ಇತ್ತು. ಅದರೊಳಗೆ ಪುಸ್ತಕದಿಂದ ಬಿಡಿಸಿದ ಒಂದು ಹಾಳೆ. ಸಮರ್ರಿತೊಗಳು ಎಲ್ಲೆಲ್ಲಿವೆ ಎಂದು ತೋರಿಸುವ ಭೂಪಟ. ಬೆಟ್ಟಸಾಲಿನ ಮೂಡಣಕ್ಕೆ ನೀಲಿ ಚುಕ್ಕಿಗಳು, ಪಡುವಣಕ್ಕೆ ಕೆಂಪು ಚುಕ್ಕಿಗಳು. ಒಂದೇ ಒಂದು ಚುಕ್ಕಿ ಮಾತ್ರ ಅರ್ಧ ನೀಲಿ, ಅರ್ಧ ಕೆಂಪು. ಅದರ ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರ: ಯುರಾಕ್‌ಪಾಂಬಾ. ಸರಕಾರದ ರಸ್ತೆ ನಕಾಶೆಯಲ್ಲಿ ನಮ್ಮೂರು ಇಲ್ಲ. ಆ ಹಾಳೆಯಲ್ಲಿತ್ತು. ಯೌವನದಲ್ಲಿ ಅವರು ಒಬ್ಬ ವಿದೇಶಿ ಹಕ್ಕಿ ಪಂಡಿತನಿಗೆ ಹಕ್ಕಿ ಹಿಡಿದು, ಚರ್ಮ ಬಿಡಿಸಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಕೊಡುತ್ತಿದ್ದರು. ಊರಿನವರು ಅವನನ್ನು ಬರೀ ಮಿಸ್ತೆರ್ ಎನ್ನುತ್ತಿದ್ದರು. ಪುಸ್ತಕ ಅಚ್ಚಾದಾಗ ಆ ಹಾಳೆಯನ್ನು ಅವನೇ ಕಳಿಸಿದ್ದನಂತೆ. ಯಾರೇ ಮನೆಗೆ ಬಂದರೂ ದೋನ್ ತೆಲ್ಮೊ ಆ ಚುಕ್ಕಿಯ ಮೇಲೆ ಬೆರಳಿಟ್ಟು, "ಇದು ನಾನು," ಎನ್ನುತ್ತಿದ್ದರು.

ಪಕ್ಕದ ಮನೆಯ ದೊನ್ಯಾ ಬಲ್ಬೀನಾ ಬಿಡುವವಳಲ್ಲ. "ತೆಲ್ಮೊನ ಹೆಂಡ್ತಿ ಗೋಡೆ ಮೇಲಿದಾಳೆ ನೋಡು. ದಿನಾ ಮುಖ ಒರೆಸ್ತಾನೆ. ಅಡುಗೆ ಮಾತ್ರ ಇವನೇ ಮಾಡ್ಬೇಕು."

"ನಿನ್ನ ಥರ ಒದರೋದಿಲ್ಲವಲ್ಲ," ಎನ್ನುವರು ದೋನ್ ತೆಲ್ಮೊ.

ಬಲ್ಬೀನಾಳ ಹತ್ತಿರವೇ ನಾನು ಈ ಊರಿನ ಒಂದು ರೂಢಿಯನ್ನು ಕಲಿತದ್ದು. ಮಗುವಿಗೆ ಬೇಯಿಸುವ ಆಲೂಗೆಡ್ಡೆ ಯಾವ ಹೊಲದ್ದು, ಔಷಧಿ ಹೊಡೆದದ್ದೋ ಎಂದು ಕೇಳಿದರೆ, "ನಮ್ಮನೇದು," ಎಂದಳು. ಅವಳಿಗೆ ಹೊಲವೇ ಇಲ್ಲ. ಆಚೆ ಊರಿನಿಂದ ಕತ್ತೆಯ ಮೇಲೆ ಬಂದದ್ದು. ಆದರೆ ಇಲ್ಲಿ ಯಾವುದನ್ನು ಎಲ್ಲಿಯದು ಎಂದರೂ ಕೊನೆಗೆ ಯಾವ ಒಲೆಯ ಪಕ್ಕ ಇಳಿಸಿದರೋ ಆ ಮನೆಯ ಹೆಸರು ಹೇಳುತ್ತಾರೆ. ಹೇಸರಗತ್ತೆ ಹೊಡೆಯುತ್ತಿದ್ದ ಕಾಲದಿಂದ ಬಂದ ರೂಢಿ. ಎಲ್ಲಿ ಬೆಂಕಿ ಹಾಕಿ ಮಲಗಿದರೋ ಹೊರೆ ಅಲ್ಲಿಯದು, ಆಳೂ ಅಲ್ಲಿಯವನು. ನನಗೆ ಇದರಿಂದ ರೇಗುತ್ತಿತ್ತು; ಹಾಲು ಯಾವ ಹಸುವಿನದು ಎಂದು ತಿಳಿಯಲು ಕೂಡ ಮೂರು ಮನೆ ಅಲೆಯಬೇಕಿತ್ತು.

ಡಬ್ಬಿಯ ಚಿಂತೆ ಹೋಗಲಿಲ್ಲ. ಹೂತರೆ ನೀರಿಗೆ ಇಳಿಯುತ್ತದೆ, ಸುಟ್ಟರೆ ಹೊಗೆಯಾಗುತ್ತದೆ. ಕೊನೆಗೆ ಬಂಡೆಯ ಮೇಲೆ ನಿಂತು, ರಾಜಧಾನಿ ಕೀತೊದ ವಸ್ತುಸಂಗ್ರಹಾಲಯಕ್ಕೆ ಫೋನ್ ಮಾಡಿದೆ. ಹಕ್ಕಿ ಚರ್ಮಕ್ಕೆ ಹಾಕುವ ಹಳೆಯ ಪಾಷಾಣ ಇದೆ, ಮನೆಯಲ್ಲಿ ಕೂಸಿದೆ, ಏನು ಮಾಡಲಿ ಎಂದೆ. ಹದಿನೈದು ದಿನಕ್ಕೆ ಡಾಕ್ಟರ್ ಮಾರಿಬೆಲ್ ತುಫಿನ್ಯೊ ಎಂಬವರು, ಕೈಗವಸು, ದಪ್ಪ ಪ್ಲಾಸ್ಟಿಕ್ ಪೆಟ್ಟಿಗೆ ಹಿಡಿದು ತಾವೇ ಬಂದರು. ಅಲ್ಲಿನ ಹಕ್ಕಿ ವಿಭಾಗ ಅವರದು. ನನ್ನ ವಯಸ್ಸಿನವರೇ ಇರಬೇಕು. ಡಬ್ಬಿಯನ್ನು ಪೆಟ್ಟಿಗೆಗೆ ಇಳಿಸಿ ತಲೆ ಎತ್ತಿದವರು ಗೋಡೆಯ ಹಾಳೆ ನೋಡಿ ಹಾಗೇ ನಿಂತರು.

"ತೆ. ಕಿ. ಅಂತ ಚೀಟಿಗಳ ಮೇಲಿದೆ. ತೆಲ್ಮೊ ಕಿಶ್ಪೆ. ನೀವೇನಾ?"

"ನಾನೇ, ಡಾಕ್ಟರಮ್ಮ." ದೋನ್ ತೆಲ್ಮೊ ಹ್ಯಾಟ್ ತೆಗೆದರು. "ಇದು ನಾನು," ಎಂದು ಚುಕ್ಕಿಯ ಮೇಲೆ ಬೆರಳಿಟ್ಟರು.

ಡಾಕ್ಟರು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಹೇಳಿದರು. ಯುರಾಕ್‌ಪಾಂಬಾ ಎಂದು ಬರೆದ ಹನ್ನೊಂದು ಹಕ್ಕಿಗಳು ತಮ್ಮ ಸಂಗ್ರಹದಲ್ಲಿವೆ. ಐದಕ್ಕೆ ಬೆನ್ನಿನ ಕೆಳಗೆ ನೀಲಿ ಹೊಳಪು, ಆರಕ್ಕೆ ತಾಮ್ರದ ಹೊಳಪು. ಬೇರೆಲ್ಲ ಕಡೆ ನೀಲಿಯವು ನೆತ್ತಿಯ ಈಚೆ, ತಾಮ್ರದವು ಆಚೆ, ಎಲ್ಲೂ ಒಟ್ಟಿಗಿಲ್ಲ. ಈ ಒಂದು ಜಾಗದಲ್ಲಿ ಎರಡೂ ಸಿಕ್ಕಿದ್ದರಿಂದ, ಇವು ಒಂದೇ ಜಾತಿ, ಬಣ್ಣ ಮಾತ್ರ ಎರಡು ಎಂದು ಮಿಸ್ತೆರ್ ಬರೆದ. ಎಲ್ಲರೂ ಹಾಗೇ ನಂಬಿದರು.

"ಕಳೆದ ವರ್ಷ ನಿಮ್ಮ ಕೊರಕಲಲ್ಲೇ ನಮ್ಮ ವಿದ್ಯಾರ್ಥಿಗಳು ಹನ್ನೆರಡು ದಿನ ಬಲೆ ಕಟ್ಟಿದ್ರು. ಒಂದೂ ತಾಮ್ರದ್ದು ಬೀಳಲಿಲ್ಲ. ದೋನ್ ತೆಲ್ಮೊ, ಆ ಹನ್ನೊಂದೂ ಇಲ್ಲೀವೇನಾ?"

"ಇಲ್ಲೀವೇ. ಚೀಟಿ ಮೇಲೆ ಬರ್ದಿದೆಯಲ್ಲ."

"ಕೇಳಿದ್ದು ಯಾಕಂದ್ರೆ, ಆಚೆ ಕಡೆ ಕಾಡೆಲ್ಲ ಕಡಿದು ಹುಲ್ಲುಗಾವಲು ಮಾಡ್ತಿದಾರೆ. ಇನ್ನು ನಾಲ್ಕು ಕೊರಕಲು ಉಳಿದಿವೆ. ತಾಮ್ರದ್ದು ಬೇರೆ ಜಾತಿ ಅಂತಾದ್ರೆ ಇಡೀ ಲೋಕದಲ್ಲಿ ಅದಕ್ಕಿರೋದು ಅಷ್ಟೇ ಜಾಗ. ಕಡಿಯೋದನ್ನ ನಿಲ್ಲಿಸಿ ಅಂದ್ರೆ, ಆ ಹಕ್ಕಿ ಯುರಾಕ್‌ಪಾಂಬಾದಲ್ಲೂ ಇದೆಯಲ್ಲ ಅಂತ ನಿಮ್ಮ ಈ ಚುಕ್ಕಿ ತೋರಿಸ್ತಾರೆ."

ದೋನ್ ತೆಲ್ಮೊ ಹ್ಯಾಟಿನ ಅಂಚನ್ನು ಸುತ್ತಿಸುತ್ತಾ ನಿಂತರು. ಡಾಕ್ಟರು ಒತ್ತಾಯ ಮಾಡಲಿಲ್ಲ. ಡಬ್ಬಿ ತೆಗೆದುಕೊಂಡು ಹೋದರು.

ಗೂಡು ಖಾಲಿಯಾಯಿತು. ನನಗೆ ನೆಮ್ಮದಿಯಾಗಬೇಕಿತ್ತು. ಆದರೆ ದೋನ್ ತೆಲ್ಮೊ ಕೊರಕಲಿಗೆ ಹೋಗುವುದನ್ನು ನಿಲ್ಲಿಸಿದರು. ಗಾಜು ಒರೆಸುವುದನ್ನೂ ನಿಲ್ಲಿಸಿದರು. ಬೇಯಿಸಿದ ಆಲೂಗೆಡ್ಡೆ ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು. ಅಷ್ಟು ವರ್ಷದ ವಿಷ ಈಗ ಕೆಲಸ ಶುರು ಮಾಡಿತೇನೋ ಎಂದು ನನಗೆ ದಿಗಿಲು. ಶನಿವಾರ ಗಂಡನಿಂದ ನಾಡಿ ಹಿಡಿಸಿದೆ, ಉಗುರು ನೋಡಿಸಿದೆ. "ಕುದುರೆ ಥರ ಇದಾರೆ," ಎಂದ ಅವನು.

ಒಂದು ಬೆಳಿಗ್ಗೆ ದೋನ್ ತೆಲ್ಮೊ, ನಾನು ಹಿತ್ತಿಲ ಬಿಸಿಲಿನಲ್ಲಿ ಹಬಾಸ್ ಎಂಬ ದಪ್ಪ ಅವರೆಕಾಯಿ ಬಿಡಿಸುತ್ತಿದ್ದೆವು. ಇನೇಸ್ ಕಂಬಳಿಯ ಮೇಲೆ ಸಿಪ್ಪೆಯ ಜೊತೆ ಆಡುತ್ತಿದ್ದಳು. ಅವಳ ಬಾಯಿಂದ ಸಿಪ್ಪೆ ಕೀಳುವುದೇ ನನಗೊಂದು ಕೆಲಸ.

"ಮಗಳೇ," ಅಂದರು. "ಆ ಹಕ್ಕಿ ಎಲ್ಲಾನೂ ಇಲ್ಲೀವು ಅಲ್ಲ."

ನಾನು ಇನೇಸಳ ಬಾಯಿಂದ ಇನ್ನೊಂದು ಸಿಪ್ಪೆ ಕಿತ್ತೆ.

"ಮಿಸ್ತೆರ್‌ಗೆ ಈ ಕಡೆ ಇಳಿಜಾರಿಗಷ್ಟೇ ಅಪ್ಪಣೆ ಇತ್ತು. ನೆತ್ತಿ ದಾಟಬೇಡ ಅಂದಿದ್ದ. ನಾನು ಗುರುವಾರ ಗುರುವಾರ ದಾಟ್ತಿದ್ದೆ. ಸಿಕ್ಕಿದ್ದನ್ನ ಅಲ್ಲೇ ಚರ್ಮ ಬಿಡಿಸಿ, ತುಂಬಿ, ಸಂಜೆ ಒಳಗೆ ಇಲ್ಲಿಗೆ ಬಂದು ಒಲೆ ಪಕ್ಕ ಕೂತು ಚೀಟಿ ಬರೀತಿದ್ದೆ. ಎಲ್ಲೀದು ಅಂತ ಬರೀಬೇಕು. ಬೆಂಕಿ ಹಾಕಿದ್ದು ಇಲ್ಲಿ. ಇಲ್ಲೀದೇ ಅಂತ ಬರ್ದೆ. ನಮ್ಮಪ್ಪನೂ ಹಂಗೇ ಹೇಳ್ತಿದ್ದ, ಎಲ್ರೂ ಹಂಗೇ. ಸುಳ್ಳು ಬರೀಲಿಲ್ಲ. ನಿಜ ಬರ್ದೆ ಅಂತಲೂ ಅಲ್ಲ."

"ಯಾವುದು ಯಾವ ಕಡೇದು ಅಂತ ಈಗ ಹೇಗೆ ಗೊತ್ತಾಗುತ್ತೆ?"

"ಕಣ್ಣು. ತುಂಬಿದ್ದು ಕಣ್ಣಿನ ತೂತಲ್ಲಿ ಕಾಣುತ್ತೆ. ಇಲ್ಲೀದಕ್ಕೆ ಬಿಳಿ ಹತ್ತಿ. ಆಚೆದಕ್ಕೆ ಕರಿ ಉಣ್ಣೆ."

"ಉಣ್ಣೆ ಯಾರು ಕೊಟ್ರು?"

"ಕುರಿ ಕೊಡ್ತು," ಎಂದು ಎದ್ದು ಒಲೆಯ ಕಡೆ ಹೋದರು.

ನಾನೂ ಒಳಗೆ ಹೋಗಿ, ಇದನ್ನು ಡಾಕ್ಟರಿಗೆ ಹೇಳಬೇಕು ಎಂದೆ. ನನ್ನ ಕಡೆ ತಿರುಗಲಿಲ್ಲ. "ಹೇಳಿದ್ರೆ ಆ ಚುಕ್ಕಿ ಹೋಗುತ್ತೆ. ಪುಸ್ತಕ ಓದೋರೆಲ್ಲ, ಯಾವನೋ ಕಿಶ್ಪೆ ತಪ್ಪು ಬರ್ದ ಅಂತಾರೆ. ನಲವತ್ತಮೂರು ವರ್ಷದಿಂದ ಆ ಚುಕ್ಕೀಲಿ ಇದೀನಿ, ಮಗಳೇ. ಬೇರೆ ಎಲ್ಲೂ ಇಲ್ಲ ನಾನು."

ನಾನು ಡಬ್ಬಿಗೆ ಹೆದರದೆ ಇದ್ದಿದ್ದರೆ ಯಾರೂ ಬರುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಆ ವಾರವಿಡೀ ನನಗೆ ಅದೇ.

ಮಂಗಳವಾರ ಬೆಳಗಾಗುತ್ತಿದ್ದಂತೆ ಅವರು ಒಳ್ಳೆಯ ಪೊಂಚೊ ಹೊದ್ದು, ಹ್ಯಾಟಿಗೆ ಬ್ರಷ್ ಹಾಕಿ, ಹಾಲಿನ ಲಾರಿ ನಿಲ್ಲುವಲ್ಲಿ ನಿಂತಿದ್ದರು. "ನೀನೂ ಬಾ. ಕೀತೊದಲ್ಲಿ ನಂಗೆ ದಾರಿ ತಿಳಿಯಲ್ಲ." ಮಗುವಿಗೆ ಚಳಿ, ಲಾರಿಯ ಕುಲುಕಾಟ, ಮ್ಯೂಸಿಯಮ್ಮಿನ ಹಕ್ಕಿಗಳಿಗೆಲ್ಲ ಅದೇ ಪಾಷಾಣ. ಇಷ್ಟೆಲ್ಲ ಲೆಕ್ಕ ಹಾಕಿಯೂ ಹೋದೆ.

ಡಾಕ್ಟರು ಸೆಳೆಖಾನೆಯ ತಟ್ಟೆಯನ್ನು ಎಳೆದು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟರು. ಹನ್ನೊಂದು ಹಕ್ಕಿಗಳು ಅಂಗಾತ ಮಲಗಿದ್ದವು. ಕಾಲಿನ ಬಿಳಿ ಉಂಡೆಗಳು ಇನ್ನೂ ಬಿಳಿಯಾಗೇ ಇದ್ದವು. ನಾನು ಇನೇಸಳ ಎರಡು ಕೈಯನ್ನೂ ಶಾಲಿನೊಳಗೆ ಬಿಗಿಹಿಡಿದು ಬಾಗಿಲ ಬಳಿ ನಿಂತೆ. ದೋನ್ ತೆಲ್ಮೊಗೆ ಕೈಗವಸು ಕೊಟ್ಟರು. ಆ ದಪ್ಪ ಬೆರಳುಗಳು ಒಂದೊಂದು ಹಕ್ಕಿಯನ್ನೂ ಎಷ್ಟು ಹಗುರವಾಗಿ ಎತ್ತಿದವೆಂದರೆ, ಚೀಟಿಯ ದಾರ ಕೂಡ ಅಲುಗಲಿಲ್ಲ. ಚೀಟಿ ಓದಲಿಲ್ಲ. ಬೆಳಕಿಗೆ ಹಿಡಿದು ಕಣ್ಣಿನ ತೂತು ನೋಡುವರು. ಎಡಕ್ಕೆ, ಬಲಕ್ಕೆ ಇಡುವರು.

ಎಡಕ್ಕೆ ನಾಲ್ಕು, ಬಿಳಿ ಹತ್ತಿಯವು. ನಾಲ್ಕೂ ನೀಲಿ. ಬಲಕ್ಕೆ ಆರು, ಕರಿ ಉಣ್ಣೆಯವು. ಆರೂ ತಾಮ್ರ. ಡಾಕ್ಟರ ಮುಖ ಅರಳುತ್ತಾ ಬಂತು. "ಇದನ್ನ ನಾವು ಎಷ್ಟು ಸಲ ನೋಡಿದೀವಿ. ಕೈಗೆ ಸಿಕ್ಕಿದ್ದು ತುಂಬಿದಾರೆ ಅಂದ್ಕೊಂಡಿದ್ವಿ."

ಹನ್ನೊಂದನೆಯದನ್ನು ದೋನ್ ತೆಲ್ಮೊ ಕೈಯಲ್ಲೇ ಹಿಡಿದುಕೊಂಡರು. ಡಾಕ್ಟರು ಬಗ್ಗಿ ನೋಡಿದರು. ನೀಲಿ ಹೊಳಪು. ಕಣ್ಣಿನಲ್ಲಿ ಕರಿ ಉಣ್ಣೆ.

"ಅಯ್ಯೋ," ಎಂದು ಡಾಕ್ಟರು ಕುರ್ಚಿಗೆ ಒರಗಿದರು. "ಹಾಗಾದ್ರೆ ನೀಲೀದೂ ಆಚೆ ಕಡೆ ಇತ್ತು ಅಂತಾಯ್ತು. ಎರಡೂ ಒಟ್ಟಿಗೇ. ಮತ್ತೆ ಮೊದಲಿನ ಜಾಗಕ್ಕೇ ಬಂದ್ವಿ, ದೋನ್ ತೆಲ್ಮೊ."

ದೋನ್ ತೆಲ್ಮೊ ಸುಮ್ಮನಿದ್ದಿದ್ದರೆ ಸಾಕಿತ್ತು. ಚುಕ್ಕಿ ಬೇರೆ ಕಡೆ ಸರಿದರೂ ಮಿಸ್ತೆರ್ ಬರೆದದ್ದು ಉಳಿಯುತ್ತಿತ್ತು. ಅವರು ಬಾಗಿಲ ಕಡೆ ನೋಡಿದ್ದನ್ನು ನಾನು ಕಂಡೆ. ಹೊರಟೇಬಿಡುತ್ತಾರೆ ಎಂದುಕೊಂಡೆ.

"ಇದು ನಮ್ಮ ಕೊರಕಲಿಂದು," ಅಂದರು.

"ಉಣ್ಣೆ?"

"ಉಣ್ಣೆ ಅವಳದು."

ಡಾಕ್ಟರು ನನ್ನ ಮುಖ ನೋಡಿದರು. ನನಗೇನು ಗೊತ್ತು.

"ದೆಲ್ಫೀನಾ ಅಂತ. ಆಚೆ ಕಡೆ ಕುರಿ ಕಾಯ್ತಿದ್ಲು. ಅವಳಪ್ಪ ಕರಿ ಕುರಿನೇ ಸಾಕ್ತಿದ್ದ, ಪೊಂಚೊಗೆ ಬಣ್ಣ ಹಾಕೋ ಕೆಲಸ ಇಲ್ಲ ಅಂತ. ನಡೀತಾ ನಡೀತಾ ನೂಲ್ತಿದ್ಲು. ಆಚೆ ಮೊದಲ್ನೇ ಹಕ್ಕಿ ಹಿಡಿದ ದಿನ ನನ್ನ ಹತ್ತಿ ಮುಗಿದಿತ್ತು. ನೂಲೋ ಉಣ್ಣೆಯಿಂದ ಚೂರು ಕಿತ್ತು, ‘ತಗೋ ಇದನ್ನ ತುಂಬು, ಹಕ್ಕಿಗೂ ಚಳಿ ಆಗಲ್ವಾ’ ಅಂದ್ಲು. ಆಮೇಲೆ ನಾನು ಆಚೆ ಕಡೆಗೆ ಹತ್ತಿ ತಗೊಂಡು ಹೋಗೋದನ್ನೇ ಬಿಟ್ಟೆ."

ಹಕ್ಕಿಯ ಕಾಲಿನ ಚೀಟಿಯನ್ನು ಬೆರಳಿನಿಂದ ಸರಿಮಾಡಿದರು.

"ಮಿಸ್ತೆರ್ ನನ್ನನ್ನ ಮೂಡಣ ಕಾಡಿಗೆ ಕರ್ಕೊಂಡು ಹೋದ. ಮೂರು ತಿಂಗಳು. ಅವಳಿಗೆ ಹೇಳಿ ಕಳಿಸ್ಲಿಲ್ಲ. ಕಳಿಸ್ಬಹುದಿತ್ತು. ಕತ್ತೆಯವನು ಒಬ್ಬ ಆ ಕಡೆ ಹೋಗೋನಿದ್ದ. ನಾನೇ ಹೋಗಿ ಹೇಳಿದ್ರಾಯ್ತು ಅಂದ್ಕೊಂಡೆ. ವಾಪಸ್ಸು ಬಂದು ನೆತ್ತಿ ದಾಟಿದ್ರೆ ದೊಡ್ಡೀಲಿ ಕುರಿ ಇಲ್ಲ. ಮನೇಲಿ ಹೊಗೆ ಇಲ್ಲ. ಬಾಗಿಲಿಗೆ ಹಗ್ಗ ಕಟ್ಟಿತ್ತು. ಅಣ್ಣನ ಜೊತೆ ಕರಾವಳಿಗೆ ಹೋದ್ಲು ಅಂದ್ರು. ಯಾವ ಊರು ಅಂದ್ರೆ, ಕರಾವಳಿ ಅಂದ್ರು. ನನ್ನ ಚೀಲದಲ್ಲಿ ಒಂದು ಹಿಡಿ ಉಣ್ಣೆ ಇತ್ತು. ಮಾರನೇ ದಿನ ನಮ್ಮ ಕೊರಕಲಲ್ಲಿ ಇದನ್ನ ಹಿಡಿದೆ. ಹತ್ತಿ ಇರ್ಲಿಲ್ಲ ಅಂತಲ್ಲ, ಡಾಕ್ಟರಮ್ಮ. ಚೀಲದ ತುಂಬ ಇತ್ತು. ಬೇಕಂತಲೇ ಇದನ್ನ ತುಂಬಿದೆ. ಇದಾದ ಮೇಲೆ ಹಕ್ಕಿ ಕೆಲಸ ಮಾಡ್ಲಿಲ್ಲ."

ಡಾಕ್ಟರು ಚೀಟಿಗಳ ತಾರೀಖು ನೋಡಿದರು. ಆ ಆರು ಜೂನಿನವು, ಜುಲೈನವು. ಈ ಹಕ್ಕಿ ಅಕ್ಟೋಬರ್ ಇಪ್ಪತ್ತಮೂರು. ಮಿಸ್ತೆರ್‌ನ ಪಟ್ಟಿಯಲ್ಲಿ ತೆ. ಕಿ. ಹೆಸರಿನ ಕೊನೆಯ ಹಕ್ಕಿ ಅದೇ.

"ಜನ ನಂಬಬೇಕು ಅಂದ್ರೆ ನಾನು ಇದನ್ನೆಲ್ಲ ಬರೀಬೇಕಾಗುತ್ತೆ," ಎಂದರು ಡಾಕ್ಟರು, ಸಂಕೋಚದಿಂದ. "ಉಣ್ಣೆ ವಿಷಯ. ಅವರ ಹೆಸರು. ನೀವು ಚೀಟಿ ಹೇಗೆ ಬರೆದ್ರಿ ಅನ್ನೋದು. ನಿಮಗೆ ಒಪ್ಪಿಗೆ ಇಲ್ಲ ಅಂದ್ರೆ ಬೇಡ."

"ಬರೀರಿ. ನಾಚ್ಕೊಳ್ಳೋಕೆ ಇನ್ನು ಯಾರಿದಾರೆ."

ಹಳೆಯ ಚೀಟಿ ಕೀಳುವ ಪದ್ಧತಿ ಇಲ್ಲವಂತೆ. ಅದರ ಪಕ್ಕ ಹೊಸದೊಂದು ಕಟ್ಟುತ್ತಾರೆ. ಡಾಕ್ಟರು ಮೊದಲನೆಯ ತಾಮ್ರದ ಹಕ್ಕಿಗೆ ಚೀಟಿ ತೆಗೆದು, ಜಾಗದ ಹೆಸರೇನು ಎಂದು ಕೇಳಿದರು.

"ಹೆಸರಿಲ್ಲ. ದೆಲ್ಫೀನಾ ಕುರಿದೊಡ್ಡಿ ಅಂತ ಹಾಕಿ."

"ನಕಾಶೆಯಲ್ಲಿ ಇರಲ್ವಲ್ಲ."

"ನಮ್ಮೂರೂ ಇರ್ಲಿಲ್ಲ."

ಆರು ಚೀಟಿ ಬರೆದದ್ದಾಯಿತು. ಡಾಕ್ಟರು ಇನ್ನೊಂದು ತಟ್ಟೆ ತಂದು ಆರನ್ನೂ ಅದಕ್ಕೆ ವರ್ಗಾಯಿಸಿದರು. ದೋನ್ ತೆಲ್ಮೊ ಕೈಯಲ್ಲಿದ್ದುದನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

"ಇದು?"

"ಅದು ನೀಲಿಗಳ ಜೊತೆ, ದೋನ್ ತೆಲ್ಮೊ. ಈ ಕಡೇದಲ್ವಾ."

"ಹೌದು, ಹೌದು. ಈ ಕಡೇದು," ಎಂದು ಅದನ್ನು ನಾಲ್ಕು ಬಿಳಿ ಕಣ್ಣುಗಳ ಪಕ್ಕ ಮಲಗಿಸಿದರು. ಡಾಕ್ಟರು ಎರಡು ತಟ್ಟೆಗಳನ್ನೂ ಬೇರೆ ಬೇರೆ ಸೆಳೆಖಾನೆಗೆ ತಳ್ಳಿದರು. ಎರಡು ಸಲ ಟಕ್ ಎಂದು ಸದ್ದಾಯಿತು. ದೋನ್ ತೆಲ್ಮೊ ಕೈಗವಸು ಕಳಚಿ, ಮಡಿಸಿ, ವಾಪಸ್ಸು ಕೊಟ್ಟರು.

ಮಧ್ಯಾಹ್ನದ ಲಾರಿಯಲ್ಲಿ ಖಾಲಿ ಕ್ಯಾನುಗಳ ನಡುವೆ ಕೂತು ಊರಿಗೆ ಬಂದೆವು. ಬಲ್ಬೀನಾ ಬೇಲಿಯ ಹತ್ತಿರವೇ ಕಾಯುತ್ತಿದ್ದಳು.

"ಏನ್ ತೆಲ್ಮೊ, ಪೊಂಚೊ ಗಿಂಚೊ ಜೋರಾಗಿದೆ. ಎಲ್ಲಿಂದ ಸವಾರಿ?"

"ಆಚೆ ಕಡೆಯಿಂದ."

"ಯಾವ ಆಚೆ ಕಡೆ? ಲಾರಿ ಬಂದಿದ್ದು ಕೀತೊದಿಂದ ತಾನೇ? ತಲೆ ಕೆಟ್ಟಿತಾ ನಿಂಗೆ?"

ಅವರು ಒಳಗೆ ಹೋಗಿ ಒಲೆ ಹೊತ್ತಿಸಿದರು. ನಾನು ಇನೇಸಳ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದೆ. ಅವಳು ಅಲ್ಲಿ ಏನನ್ನೂ ಮುಟ್ಟಿರಲಿಲ್ಲ.

ಗಾಜಿನ ಚೌಕಟ್ಟು ಅಲ್ಲೇ ಇದೆ. ತೆಗೆಯಲೇ ಎಂದು ನಾನು ಕೇಳಿದ್ದೆ. "ಹಳೇ ಚೀಟಿ ಕೀಳಲ್ಲ ಅಂದ್ರಲ್ಲ ಡಾಕ್ಟರಮ್ಮ. ಇರ್ಲಿ," ಎಂದರು. ಆದರೆ ಯಾರು ಬಂದರೂ ಚುಕ್ಕಿಯ ಮೇಲೆ ಬೆರಳಿಡುವುದಿಲ್ಲ. ಕೊರಕಲಿಗೆ ಮತ್ತೆ ಹೋಗುತ್ತಿದ್ದಾರೆ. ಗುರುವಾರ ಮಾತ್ರ ಹತ್ತು ಗಂಟೆಗೆ ಬರುವುದಿಲ್ಲ. ಕಲ್ಲು ದಾಟಿ ಮೇಲಕ್ಕೆ, ನೆತ್ತಿಯವರೆಗೆ ಹೋಗುತ್ತಾರೆ. ಆ ಮೊಣಕಾಲಿನಲ್ಲಿ ಆಚೆ ಇಳಿಯಲಾರರು. ಮಂಜಿನಲ್ಲಿ ಎಲ್ಲಿ ಜಾರಿಬಿಟ್ಟರೋ ಎಂದು ನಾನು ಮಗುವನ್ನು ಎತ್ತಿಕೊಂಡು ಬಂಡೆಯ ಮೇಲೆ ನಿಂತಿರುತ್ತೇನೆ. ಹನ್ನೆರಡಕ್ಕೋ ಹನ್ನೆರಡೂವರೆಗೋ ಹ್ಯಾಟು ಕಾಣುತ್ತದೆ. ಹೋಗಿ ಅವರ ಆಲೂಗೆಡ್ಡೆಯನ್ನು ಬಿಸಿಗಿಡುತ್ತೇನೆ.